ನೀರಿಗಿಳಿಯುವ ರೋಬೋ: ಮೋಟರಿನ ಸುತ್ತ ಮೇಣ ತುಂಬುವುದೇ ಮುಖ್ಯ ಕೆಲಸ

ಶಾಲಾ ಮಕ್ಕಳಿಂದ ನೀರೊಳಗಿನ ರೋಬೋ ಮಾಡಿಸುವಾಗ ಚೌಕಟ್ಟಿನ ಅಂದಕ್ಕೆ ವಾರಗಟ್ಟಲೆ ಕೊಟ್ಟು, ಮೋಟರಿಗೆ ನೀರು ಹೋಗದಂತೆ ಮಾಡುವ ಕೆಲಸವನ್ನು ಕೊನೆಯ ಸಂಜೆ ಗಡಿಬಿಡಿಯಲ್ಲಿ ಮುಗಿಸುವುದು ಮಾಮೂಲಿ. ಕೊಳಕ್ಕೆ ಇಳಿಸಿದ ಸ್ವಲ್ಪ ಹೊತ್ತಿಗೇ ಯಂತ್ರ ಕೈಕೊಡುವುದು ಇದರಿಂದಲೇ. ಚೌಕಟ್ಟಿಗೆ ಒಂದು ತರಗತಿ ಸಾಕು, ಮೋಟರಿಗೆ ಮೂರಾದರೂ ಇಡಿ.

ಬೇಕಾಗುವ ಸಾಮಾನು: ಅರ್ಧ ಇಂಚಿನ ಪಿವಿಸಿ ಪೈಪು, ಅದನ್ನು ಜೋಡಿಸುವ ಎಲ್ಬೋ ಮತ್ತು ಟೀ; 12 ವೋಲ್ಟಿನ ಸಣ್ಣ ಡಿಸಿ ಮೋಟರು, ಪ್ರೊಪೆಲರ್, ಮೋಟರು ಹಿಡಿಸುವಷ್ಟು ಪ್ಲಾಸ್ಟಿಕ್ ಡಬ್ಬಿ, ಮೋಟರನ್ನು ಎರಡೂ ದಿಕ್ಕಿಗೆ ತಿರುಗಿಸಬಲ್ಲ ಆರು ಕಾಲಿನ ಡಿಪಿಡಿಟಿ ಸ್ವಿಚ್ಚು ತಲಾ ಮೂರು; ನೆಟ್‌ವರ್ಕ್ ಕೇಬಲ್ 12 ಮೀಟರು, 12 ವೋಲ್ಟ್, 7 ಆಂಪಿಯರ್-ಅವರ್ ಸೀಲ್ಡ್ ಬ್ಯಾಟರಿ, 7.5 ಆಂಪಿಯರ್ ಫ್ಯೂಸು.

1. ಚೌಕಟ್ಟು. ಶೂ ಡಬ್ಬಿಯಷ್ಟು ಸಾಕು. ಪ್ರತಿ ಪೈಪಿಗೂ ಮೇಲೆ ಕೆಳಗೆ ತೂತು ಕೊರೆಯಿರಿ, ಒಳಗೆ ಗಾಳಿ ನಿಂತರೆ ತೂಕ ಹೊಂದಿಸಲಾಗದು. ಅಂಟು ಹಚ್ಚಬೇಡಿ, ಅಳತೆ ಬದಲಾಗಿಯೇ ಆಗುತ್ತದೆ.

2. ಮೋಟರು. ಮೊದಲು ತಂತಿ ಬೆಸುಗೆ ಹಾಕಿ, ಓಡಿಸಿ ನೋಡಿ. ಆಮೇಲೆ ಮೋಟರಿನ ಮೈಮೇಲಿನ ಗಾಳಿಕಿಂಡಿಗಳನ್ನೆಲ್ಲ ಇನ್ಸುಲೇಶನ್ ಟೇಪಿನಿಂದ ಬಿಗಿಯಾಗಿ ಸುತ್ತಿ. ಒಂದು ಕಿಂಡಿ ಉಳಿದರೂ ಮೇಣ ಒಳನುಗ್ಗಿ ಬ್ರಷ್ಷಿಗೆ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಣುಕು) ಅಂಟುತ್ತದೆ, ಮೋಟರು ಕೆಟ್ಟಂತೆಯೇ. ಡಬ್ಬಿಯ ತಳಕ್ಕೆ ಮೋಟರಿನ ಶಾಫ್ಟಿಗಿಂತ (ತಿರುಗುವ ಕಡ್ಡಿ) ಕೂದಲೆಳೆಯಷ್ಟೇ ದೊಡ್ಡ ತೂತು ಕೊರೆಯಿರಿ. ಶಾಫ್ಟಿನ ಬುಡಕ್ಕೆ ಪೆಟ್ರೋಲಿಯಂ ಜೆಲ್ಲಿ ಮೆತ್ತಿ, ಮೋಟರನ್ನು ಡಬ್ಬಿಯೊಳಗಿಟ್ಟು ಶಾಫ್ಟನ್ನು ಹೊರಗೆ ತೂರಿಸಿ. ಇನ್ನು ಮೋಟರಿನ ಸುತ್ತಲಿನ ಜಾಗಕ್ಕೆ ಮೇಣ ತುಂಬಬೇಕು.

ಮೇಣವನ್ನು ನೇರ ಉರಿಯ ಮೇಲೆ ಕರಗಿಸಲೇಬೇಡಿ, ಹೊತ್ತಿಕೊಳ್ಳುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಸುರಿಯುವುದು ದೊಡ್ಡವರ ಕೆಲಸ. ಬರೀ ಮೇಣದಬತ್ತಿಯ ಮೇಣ ಬೇಡ: ಆರಿದಾಗ ಕುಗ್ಗಿ, ಡಬ್ಬಿಯ ಗೋಡೆ ಬಿಟ್ಟು ಬಿರುಕು ಬಿಡುತ್ತದೆ. ಅದಕ್ಕೆ ಪೆಟ್ರೋಲಿಯಂ ಜೆಲ್ಲಿ ಬೆರೆಸಿ, ಬೆರಳೊತ್ತಿದರೆ ಗುಳಿ ಬೀಳುವಷ್ಟು ಮೆದು ಮಾಡಿಕೊಳ್ಳಿ. ಕುದಿಕುದಿ ಸುರಿದರೆ ಟೇಪಿನ ಅಂಟು ಸಡಿಲವಾಗುತ್ತದೆ. ಅಂಚು ಮಸುಕಾಗತೊಡಗಿದಾಗ ಸುರಿಯಿರಿ. ಒಮ್ಮೆಗೇ ತುಂಬಬೇಡಿ. ಅರ್ಧ ಹಾಕಿ, ಆರಲು ಬಿಡಿ, ನಡುವೆ ಬೀಳುವ ಕುಳಿಗೆ ಮತ್ತೆ ಸುರಿಯಿರಿ. ಮೇಣ ಗಟ್ಟಿಯಾಗುವಾಗ ಆಗಾಗ ಒಂದೆರಡು ಸೆಕೆಂಡು ಮೋಟರು ತಿರುಗಿಸಿದರೆ ಶಾಫ್ಟು ಕಚ್ಚಿಕೊಳ್ಳದು. ಕೊನೆಗೆ, ತಂತಿ ತೂರಿಸಿದ ಮುಚ್ಚಳವನ್ನು ಮೇಣ ಚೂರು ಹೊರಚೆಲ್ಲುವಂತೆ ಒತ್ತಿ ಕೂರಿಸಿ. ಒಳಗೆ ಗಾಳಿಗುಳ್ಳೆ ಉಳಿದರೆ ಆಳದಲ್ಲಿ ಅದು ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಹತ್ತು ಮೀಟರು ಆಳಕ್ಕೆ ಹೋದರೆ ಒತ್ತಡ ಮೇಲಿನ ಎರಡರಷ್ಟು.

ಗ್ಲೂ ಗನ್ನಿನ ಅಡ್ಡದಾರಿ ಬೇಡ, ಒದ್ದೆಯಲ್ಲಿ ಸಿಪ್ಪೆಯಂತೆ ಕಳಚಿಬರುತ್ತದೆ. ಸಿಲಿಕೋನ್ ಅಂಟು ಹಚ್ಚುವುದಾದರೆ, ವಿನೆಗರ್ ವಾಸನೆಯದು ತಾಮ್ರವನ್ನು ತಿನ್ನುತ್ತದೆ, ನ್ಯೂಟ್ರಲ್ ಸಿಲಿಕೋನೇ ಕೇಳಿ.

ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಓಡಿಸಿ ಗೆದ್ದ ಮೋಟರನ್ನು ಮಾತ್ರ ಚೌಕಟ್ಟಿಗೆ ಕಟ್ಟಿ: ಎರಡು ಹಿಂದೆ ಅಕ್ಕಪಕ್ಕ, ಒಂದು ನಟ್ಟನಡುವೆ ಲಂಬವಾಗಿ.

3. ಕೇಬಲ್. ನಾಲ್ಕು ಜೋಡಿ ತಂತಿಗಳಲ್ಲಿ ಮೂರು ಮೋಟರಿಗೆ, ಕ್ಯಾಮೆರಾ ಇಡುವುದಾದರೆ ನಾಲ್ಕನೆಯದು ಅದಕ್ಕೆ. ಶುದ್ಧ ತಾಮ್ರದ್ದನ್ನೇ ತನ್ನಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗ, ಆದರೆ ಬಾಗಿಸಿದಲ್ಲಿ ಮುರಿಯುತ್ತದೆ, ರೋಧವೂ ಹೆಚ್ಚು. ತಾಮ್ರದ್ದೇ ಆದರೂ 12 ಮೀಟರಿಗೆ, ಹೋಗಿಬರುವ ದಾರಿ ಸೇರಿ, ಸುಮಾರು 2 ಓಮ್. ಮೋಟರು 2 ಆಂಪಿಯರ್ ಎಳೆದರೆ 4 ವೋಲ್ಟ್ ದಾರಿಯಲ್ಲೇ ಹೋಯಿತು. "ಮೇಜಿನ ಮೇಲೆ ಜೋರಾಗಿ ತಿರುಗಿತ್ತಲ್ಲಾ" ಎಂಬ ಮಕ್ಕಳ ಪ್ರಶ್ನೆಗೆ ಉತ್ತರ ಇಲ್ಲಿದೆ. ಮಲ್ಟಿಮೀಟರು ಹಿಡಿದು ಅವರೇ ಅಳೆಯಲಿ.

4. ಸ್ವಿಚ್ಚು. ನಡುವಿನ ಎರಡು ಕಾಲು ಮೋಟರಿಗೆ, ಒಂದು ತುದಿಯ ಎರಡು ಬ್ಯಾಟರಿಗೆ; ಅಲ್ಲಿಂದ ಇನ್ನೊಂದು ತುದಿಗೆ ತಂತಿಗಳು ಅಡ್ಡಹಾಯಬೇಕು, ಆಗಲೇ ಮೋಟರು ಹಿಮ್ಮುಖವಾಗಿಯೂ ತಿರುಗುವುದು. ಈ ಅಡ್ಡತಂತಿಗಳ ಬೆಸುಗೆ ಒಂದಕ್ಕೊಂದು ತಾಗಿದರೆ ಶಾರ್ಟ್. ಬ್ಯಾಟರಿ ಜೋಡಿಸುವ ಮೊದಲು ಮಲ್ಟಿಮೀಟರಿನಲ್ಲಿ ನೋಡಿ. ಬೆರಳು ಬಿಟ್ಟೊಡನೆ ನಡುವಿಗೆ ಮರಳುವ ಸ್ವಿಚ್ಚೇ ಒಳ್ಳೆಯದು. ಫ್ಯೂಸು ಬ್ಯಾಟರಿಯ ಪಾಸಿಟಿವ್ ತುದಿಗೆ ಅಂಟಿಕೊಂಡಂತೆಯೇ ಇರಲಿ. ಕೊಳದ ಬಳಿ ಮನೆಯ ಕರೆಂಟಿನ ಯಾವ ಚಾರ್ಜರೂ ಬೇಡ.

5. ತೇಲಿಸುವುದು. ಫೋಮ್ ಮೇಲ್ಭಾಗಕ್ಕೆ, ಭಾರ ಕೆಳಭಾಗಕ್ಕೆ; ತಿರುವುಮುರುವಾದರೆ ಯಂತ್ರ ಮಗುಚುತ್ತದೆ. ಬೆನ್ನು ಮಾತ್ರ ನೀರಿನ ಮೇಲೆ ಕಾಣುವಂತೆ ಫೋಮ್ ಕತ್ತರಿಸುತ್ತ ಹೋಗಿ, ಕರೆಂಟು ಹೋದರೂ ತಾನೇ ಮೇಲೆ ಬರುತ್ತದೆ. ಮೆದು ಫೋಮ್ ಆಳದಲ್ಲಿ ಹಿಂಡಿಹೋಗುವುದರಿಂದ ಗಡುಸಾದದ್ದನ್ನೇ ಆರಿಸಿ. ಉಪ್ಪುನೀರು ಸಿಹಿನೀರಿಗಿಂತ ಶೇ 2ರಿಂದ 3ರಷ್ಟು ಭಾರ. ಸಮುದ್ರಕ್ಕೆ ಇಳಿಸುವುದಾದರೆ ಹೆಚ್ಚುವರಿ ಭಾರಕ್ಕೆ ನಟ್ಟು-ಬೋಲ್ಟು ಜೊತೆಗಿರಲಿ, ಮುಗಿದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ.