ಮೊದಲು ರೈಸರ್ ಮತ್ತು ಬಾಣ, ಆಮೇಲೆ ಪೌಂಡ್: ಸ್ವಂತ ಬಿಲ್ಲು ಕೊಂಡ ನನ್ನ ಅನುಭವ

ಕಲಿಕೆಯ ಮರದ ಬಿಲ್ಲನ್ನು ಬಿಟ್ಟು ಸ್ವಂತದ್ದನ್ನು ಕೊಳ್ಳುವಾಗ, ಹಣದ ಹೆಚ್ಚಿನ ಪಾಲನ್ನು ರೈಸರಿಗೂ (ಬಿಲ್ಲಿನ ನಡುವಿನ ಹಿಡಿಯ ಭಾಗ) ಬಾಣಗಳಿಗೂ ಹಾಕಿ, ಲಿಂಬುಗಳನ್ನು (ಅದಕ್ಕೆ ಮೇಲೂ ಕೆಳಗೂ ಕೂಡಿಸುವ ಬಾಗುವ ತೋಳುಗಳು) ಅಗ್ಗದ ಮತ್ತು ಕಡಿಮೆ ಪೌಂಡಿನವನ್ನೇ (ಪೌಂಡ್ ಎಂದರೆ ಬಿಲ್ಲನ್ನು ಎಳೆಯಲು ಬೇಕಾದ ಬಲ) ಕೊಳ್ಳುತ್ತೇನೆ ಎಂದಾಗ ಶಿವಮೊಗ್ಗದ ನಮ್ಮ ಬಳಗದಲ್ಲಿ ಯಾರೂ ಒಪ್ಪಲಿಲ್ಲ. "ಹೇಗೂ 70 ಮೀಟರ್ ದೂರದ ಗುರಿಗೆ ಹೋಗುವವರು, ಈಗಲೇ 38 ಪೌಂಡ್ ತೆಗೆದುಕೊಂಡುಬಿಡಿ ಮಾರಾಯ್ರೆ" ಎಂಬುದೇ ಎಲ್ಲರ ಸಲಹೆಯಾಗಿತ್ತು.

ಯಾರೋ ಬಳಸಿದ್ದ 25 ಇಂಚಿನ ಐಎಲ್‌ಎಫ್ (ಬೇರೆ ಬೇರೆ ಕಂಪನಿಗಳ ಲಿಂಬುಗಳೂ ಕೂರುವ ಜೋಡಣೆಯ) ರೈಸರ್ ಸುಮಾರು 14 ಸಾವಿರಕ್ಕೆ ಸಿಕ್ಕಿತು. 28 ಪೌಂಡಿನ ಮೀಡಿಯಂ (ಮಧ್ಯಮ ಉದ್ದದ) ಲಿಂಬುಗಳಿಗೆ ಐದೂವರೆ ಸಾವಿರವಾಯಿತು. ನನ್ನ ಎಳೆತ (ಹೆದೆಯನ್ನು ಹಿಂದಕ್ಕೆ ಎಳೆಯುವ ಉದ್ದ) ಲಿಂಬಿನ ಪೌಂಡ್ ಅಳೆಯುವ ಉದ್ದಕ್ಕಿಂತ ತುಸು ಹೆಚ್ಚು, 29 ಇಂಚಿನಷ್ಟಿರುವುದರಿಂದ ಬೆರಳಿಗೆ ಬೀಳುವ ಭಾರ 30ರ ಆಸುಪಾಸು. ಲಿಂಬ್ ಬೋಲ್ಟ್ (ಲಿಂಬನ್ನು ರೈಸರಿಗೆ ಹಿಡಿಯುವ ತಿರುಪು) ಬಿಗಿದರೆ ಇನ್ನೆರಡು ಪೌಂಡ್ ಸಿಗುತ್ತದೆ.

ನಿಜವಾದ ಕಷ್ಟ ಬಾಣಗಳಲ್ಲಿತ್ತು. ಎರವಲು ತಂದ 700 ಸ್ಪೈನಿನ (ಬಾಣ ಬಾಗುವ ಅಳತೆ; ಅಂಕಿ ಹೆಚ್ಚಿದಷ್ಟೂ ಬಾಣ ಮೆದು) ಬಾಣಗಳಲ್ಲಿ ಪರೀಕ್ಷೆಗೆಂದು ಬಿಡುವ ಗರಿಯಿಲ್ಲದ್ದು 18 ಮೀಟರಿನಲ್ಲೇ ಗರಿಯಿರುವ ಬಾಣಗಳ ಗುಂಪಿನಿಂದ ಗೇಣುದ್ದ ಎಡಕ್ಕೆ ಬೀಳುತ್ತಿತ್ತು, ಅಂದರೆ ಬಾಣ ನನ್ನ ಬಿಲ್ಲಿಗೆ ಗಡುಸಾಗಿತ್ತು. ತುದಿಯ ಭಾರವನ್ನು 100 ಗ್ರೇನಿನಿಂದ 120ಕ್ಕೆ ಏರಿಸಿದರೂ, ಪ್ಲಂಜರನ್ನು (ಬಾಣದ ಬದಿಗೆ ಒತ್ತುವ ಸ್ಪ್ರಿಂಗಿನ ಗುಂಡಿ) ಎಷ್ಟು ಸಡಿಲಿಸಿದರೂ ಅದು ಪೂರ್ತಿ ಸರಿಹೋಗಲಿಲ್ಲ. ಕೊನೆಗೆ ಏಳು ಸಾವಿರದಷ್ಟು ಕೊಟ್ಟು 800ರ ಒಂದು ಡಜನ್ ಬಾಣಗಳನ್ನು ಕತ್ತರಿಸದೆ ಪೂರ್ತಿ ಉದ್ದದಲ್ಲೇ ತರಿಸಿದೆ. ಅಂಗಡಿಯಲ್ಲೇ ಅಳತೆಗೆ ಕತ್ತರಿಸಿಕೊಳ್ಳದಿರುವುದು ಹುಚ್ಚುತನವೆಂದರು ಬಳಗದವರು. ಈಗ ಮೆದುವಾಗಿ ಬಲಕ್ಕೆ ಬೀಳುತ್ತಿದ್ದ ಗರಿಯಿಲ್ಲದ ಬಾಣವನ್ನು ಕಾಲು ಕಾಲು ಇಂಚು ಕತ್ತರಿಸುತ್ತಾ ಹೋದಂತೆ ಅದು ಗಡುಸಾಗಿ ಗುಂಪಿನತ್ತ ಸರಿಯಿತು. ಗುಂಪಿಗೆ ಎರಡು ಬೆರಳು ದೂರವಿರುವಾಗಲೇ ಗರಗಸವನ್ನು ಕೆಳಗಿಟ್ಟು, ಉಳಿದದ್ದನ್ನು ಪ್ಲಂಜರಿನಲ್ಲಿ ತೀರಿಸಿದೆ. ಅದರ ಸ್ಪ್ರಿಂಗನ್ನು ಕೂರಿಸುವ ನನ್ನ ಕ್ರಮವನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಗುರಿಹಲಗೆಯದೂ ಒಂದು ಪ್ರಯೋಗ ನಡೆಯಿತು. ಫೋಮ್ ದುಬಾರಿಯೆಂದು ಭತ್ತದ ಹುಲ್ಲನ್ನು ಬಿಗಿದು ಕಟ್ಟಿ, ನಡುವೆ ಅಡಿಕೆ ಹಾಳೆಗಳ ಪದರ ಕೊಟ್ಟೆ. ಬಾಣ ನಿಂತಿತು, ಆದರೆ ಹಾಳೆ ಅದನ್ನು ಕಚ್ಚಿ ಹಿಡಿದದ್ದರಿಂದ ಕೀಳುವಾಗ ಎರಡು ತುದಿಗಳು ಒಳಗೇ ಉಳಿದವು. ಹಾಳೆ ತೆಗೆದು ಬರಿಯ ಹುಲ್ಲನ್ನೇ ಇನ್ನಷ್ಟು ಬಿಗಿದಾಗ ಕೆಲಸ ನಡೆಯಿತು; ಆದರೆ ಜೂನಿನ ಮಳೆ ಹಿಡಿದ ಮೇಲೆ ಅದು ಒಳಗಿನಿಂದ ಬೂಷ್ಟು ಕಟ್ಟಿತು. ಹಕ್ಕಿಗರಿಗಳೂ ಮಲೆನಾಡಿನ ಜಡಿಮಳೆಯಲ್ಲಿ ನೆನೆದು ಮುದುಡುವುದರಿಂದ ಹೊರಾಂಗಣಕ್ಕೆ ಪ್ಲಾಸ್ಟಿಕ್ ಗರಿಗಳನ್ನೇ ಅಂಟಿಸಿದ್ದೇನೆ.

ಈಗ ಗದ್ದೆ ಕೊಯ್ಲಾದ ಮೇಲೆ 50 ಮೀಟರಿನಲ್ಲಿ 122 ಸೆಂಟಿಮೀಟರಿನ ಗುರಿಹಾಳೆಗೆ ಆರು ಬಾಣ ಬಿಟ್ಟರೆ ನಾಲ್ಕೈದು ಕೆಂಪು ವೃತ್ತದೊಳಗೆ ಇರುತ್ತವೆ, ನೂರು ಬಾಣ ಬಿಟ್ಟ ಮೇಲೂ ಭುಜ ನಡುಗುವುದಿಲ್ಲ. 38 ಪೌಂಡ್ ಕೊಂಡ ಇಬ್ಬರು ಗೆಳೆಯರು ಭುಜದ ನೋವಿನಿಂದ ಬಿಲ್ಲನ್ನು ಚೀಲದಲ್ಲಿಟ್ಟಿದ್ದಾರೆ. ಅವರಲ್ಲಿ ಒಬ್ಬರು ನನ್ನ ಲಿಂಬುಗಳನ್ನು ನಾಲ್ಕು ಸಾವಿರಕ್ಕೆ ಕೇಳಿದ್ದಾರೆ. 34ರ ಜೋಡಿ ಬಂದೊಡನೆ ಕೊಡುತ್ತೇನೆ, ರೈಸರ್ ಇದೇ ಇರುತ್ತದೆ.