ತುರ್ತು ಕರೆ ಕೇಂದ್ರಕ್ಕೆ ಎಷ್ಟು ಜನ ಬೇಕು, ಅವರನ್ನು ಹೇಗೆ ತಯಾರು ಮಾಡಬೇಕು?

ನಗರಕ್ಕೊಂದು ತುರ್ತು ಕರೆ ಕೇಂದ್ರ ಅಂದ ಕೂಡಲೇ "ಎಷ್ಟು ಸೀಟು?" ಅಂತ ಲೆಕ್ಕ ಶುರುವಾಗುತ್ತದೆ. ಸೀಟಿನ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ. ಒಂದು ಸೀಟು ಹಗಲು ರಾತ್ರಿ ಖಾಲಿ ಬೀಳಬಾರದು ಅಂದರೆ ವರ್ಷಕ್ಕೆ 8,760 ಗಂಟೆ. ವಾರಕ್ಕೆ 40 ಗಂಟೆ ದುಡಿಯುವವರು ವರ್ಷಕ್ಕೆ 2,080 ಗಂಟೆ ಸಿಗುತ್ತಾರೆ, ಅದರಲ್ಲಿ ರಜೆ, ಕಾಯಿಲೆ, ತರಬೇತಿ, ವಿರಾಮ ಎಲ್ಲ ಕಳೆದರೆ 1,700ರ ಆಸುಪಾಸು ಉಳಿಯಿತು ಅನ್ನಿ. ಭಾಗಿಸಿ ನೋಡಿ. ಒಂದು ಸೀಟಿಗೆ 5 ಜನಕ್ಕಿಂತ ಸ್ವಲ್ಪ ಜಾಸ್ತಿಯೇ ಬೇಕು.

ಆಮೇಲೆ ಯಾವ ಹೊತ್ತಿಗೆ ಎಷ್ಟು ಸೀಟು ಅನ್ನುವುದು. ಒಂದು ವರ್ಷದ ಕರೆಗಳನ್ನು ಗಂಟೆವಾರು ಬಿಡಿಸಿ ನೋಡಿ. ಬರೀ ಸರಾಸರಿ ನಂಬಬೇಡಿ, ಕರೆಗಳು ಸಾಲಾಗಿ ಬರುವುದಿಲ್ಲ. ಒಂದು ದೊಡ್ಡ ಅಪಘಾತ ಆದರೆ ಅದೊಂದಕ್ಕೇ ಹತ್ತಾರು ಜನ ಒಟ್ಟಿಗೆ ಫೋನ್ ಮಾಡುತ್ತಾರೆ. ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಎರ್ಲಾಂಗ್ 1917ರಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿಗಾಗಿ ಪ್ರಕಟಿಸಿದ ಸೂತ್ರಗಳು ಈ ಲೆಕ್ಕಕ್ಕೆ ಇವತ್ತಿಗೂ ಬಳಕೆಯಲ್ಲಿವೆ. ಎಲ್ಲರೂ ಬಿಡುವಿಲ್ಲದೆ ಮಾತಾಡುತ್ತಿರುವಾಗ ನಾಲ್ಕು ಕರೆ ಹೆಚ್ಚಾದರೂ ಕಾಯುವ ಸಮಯ ಒಮ್ಮೆಲೇ ಏರಿಬಿಡುತ್ತದೆ. ಗುರಿ ಬೇಕು ಅಂದರೆ ಅಮೆರಿಕದ ತುರ್ತು ಕರೆ ಸೇವೆಯವರ ಸಂಘ ನೆನಾ (NENA) ಹಾಕಿಕೊಟ್ಟ ಮಾನದಂಡ ಇದೆ: 100ಕ್ಕೆ 90 ಕರೆಗಳನ್ನು 15 ಸೆಕೆಂಡಿನೊಳಗೆ, 95ನ್ನು 20 ಸೆಕೆಂಡಿನೊಳಗೆ ಎತ್ತಬೇಕು.

ಕರೆ ಎತ್ತುವವರು ಮತ್ತು ವಾಹನ ಕಳಿಸುವ ಡಿಸ್ಪ್ಯಾಚರ್ ಬೇರೆ ಬೇರೆ ಇದ್ದರೆ ಒಳ್ಳೆಯದು. ಒಬ್ಬರು ಇನ್ನೂ ಮಾತಾಡುತ್ತಿರುವಾಗಲೇ ಇನ್ನೊಬ್ಬರು ಆಂಬುಲೆನ್ಸ್ ಹೊರಡಿಸಬಹುದು. ಎಷ್ಟೇ ಸಣ್ಣ ಕೇಂದ್ರವಾದರೂ ಮಧ್ಯರಾತ್ರಿ ಒಬ್ಬರನ್ನೇ ಕೂರಿಸಬೇಡಿ.

ಆಯ್ಕೆಯಲ್ಲಿ ಟೈಪಿಂಗ್ ವೇಗ ಒಂದೇ ಸಾಲದು. ಗದ್ದಲದ ನಡುವೆ ವಿಳಾಸ ಕೇಳಿಸಿಕೊಂಡು, ಟೈಪ್ ಮಾಡುತ್ತಾ, ಮುಂದಿನ ಪ್ರಶ್ನೆ ಕೇಳಲು ಆಗುತ್ತದಾ ನೋಡಿ. ಅಭ್ಯರ್ಥಿಗಳನ್ನು ಕೆಲಸ ನಡೆಯುವ ಕೊಠಡಿಯಲ್ಲೇ ಒಂದು ಶಿಫ್ಟ್ ಕೂರಿಸಿ, ರಾತ್ರಿ ಪಾಳಿಯ ವಿಷಯ ಮುಚ್ಚುಮರೆ ಇಲ್ಲದೆ ಹೇಳಿ. ಬಿಟ್ಟು ಹೋಗುವವರು ಆಗಲೇ ಹೋದರೆ ಇಬ್ಬರಿಗೂ ಒಳ್ಳೆಯದು, ಅಲ್ವಾ?

ತರಬೇತಿಯಲ್ಲಿ ಮೊದಲ ಪಾಠ ಪ್ರಶ್ನೆಗಳ ಕ್ರಮ. ಜಾಗ ಎಲ್ಲಿ, ಫೋನ್ ನಂಬರ್ ಯಾವುದು, ಆಮೇಲೆ ಏನಾಯಿತು. ಲೈನ್ ಕಟ್ಟಾದರೂ ಜಾಗ ಗೊತ್ತಿದ್ದರೆ ವಾಹನ ಕಳಿಸಬಹುದು.

ಇನ್ನು ಹೃದಯ ನಿಂತಾಗಿನ ಕರೆ. ಇದಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ಎರಡೇ ಪ್ರಶ್ನೆ: ಎಚ್ಚರ ಇದ್ದಾರಾ? ಸರಿಯಾಗಿ ಉಸಿರಾಡ್ತಿದ್ದಾರಾ? ಎರಡಕ್ಕೂ ಇಲ್ಲ ಅಂದರೆ ತಕ್ಷಣ ಎದೆ ಒತ್ತಿಸಲು ಶುರು ಮಾಡಬೇಕು, ದೊಡ್ಡವರಿಗಾದರೆ ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, ಫೋನಿನಲ್ಲೇ ಜೋರಾಗಿ ಎಣಿಸುತ್ತಾ. ಆದರೆ ಹೃದಯ ನಿಂತ ಮೇಲೂ ಕೆಲವರು ಸ್ವಲ್ಪ ಹೊತ್ತು ಏದುಸಿರಿನಂತೆ ಬಾಯಿ ತೆರೆದು ಗೊರಗುಟ್ಟುತ್ತಾರೆ, ಪಕ್ಕದಲ್ಲಿರುವವರು ಅದನ್ನೇ ನೋಡಿ "ಉಸಿರಾಡ್ತಿದ್ದಾರೆ" ಅಂದುಬಿಡುತ್ತಾರೆ. ಆ ಸದ್ದಿನ ರೆಕಾರ್ಡಿಂಗ್‌ಗಳನ್ನು ಕಿವಿಗೆ ಅಭ್ಯಾಸ ಆಗುವವರೆಗೆ ಕೇಳಿಸಿ. ಪುಸ್ತಕದಲ್ಲಿ ಓದಿದರೆ ಇದು ಬರುವುದಿಲ್ಲ.

ನಂತರ ಅಣಕು ಕರೆಗಳು. ಅಳುವ ಮಗು, ಬೈಯುವ ಮನುಷ್ಯ, ಪಿಸುಗುಟ್ಟುವ ಹೆಂಗಸು. ಪಿಸುಗುಟ್ಟುವವರಿಗೆ ಹೌದು, ಇಲ್ಲ ಅಂತ ಉತ್ತರಿಸುವ ಪ್ರಶ್ನೆಗಳನ್ನೇ ಕೇಳಬೇಕು, ಪಕ್ಕದಲ್ಲೇ ಹೊಡೆಯುವವನು ನಿಂತಿರಬಹುದು.

ಕೊನೆಗೆ ನಿಜವಾದ ಕರೆಗಳು. ಪಕ್ಕದಲ್ಲಿ ತರಬೇತುದಾರರು ಇನ್ನೊಂದು ಹೆಡ್‌ಸೆಟ್ ಹಾಕಿಕೊಂಡು ಕೂತಿರಬೇಕು, ಬೇಕಾದಾಗ ಕರೆ ತಾವೇ ತೆಗೆದುಕೊಳ್ಳುವ ಹಾಗೆ. ಇದಕ್ಕೇ ತಿಂಗಳುಗಳು ಹಿಡಿಯುತ್ತವೆ. ಕಲಿಯುತ್ತಿರುವವರು ಪಾಸ್ ಆಗುವವರೆಗೆ ಅವರನ್ನು ಪಾಳಿಯ ಲೆಕ್ಕದಲ್ಲಿ ಸೇರಿಸಲೇಬೇಡಿ. ಜನ ಸಾಲದು ಅಂತ ಅರೆಬರೆ ಕಲಿತವರನ್ನು ಒಂಟಿಯಾಗಿ ಕೂರಿಸಿದರೆ ಅದಕ್ಕೆ ಬೆಲೆ ತೆರುವುದು ಫೋನಿನ ಆ ಕಡೆ ಇರುವವರು. ಕೆಲಸ ಚೆನ್ನಾಗಿ ಬಂದವರಿಗೆಲ್ಲ ಕಲಿಸಲು ಬರುವುದಿಲ್ಲ, ತರಬೇತುದಾರರನ್ನೂ ಆರಿಸಿ, ಅವರಿಗೂ ಕಲಿಸಿ, ಒಂದು ತಂಡ ಮುಗಿದ ಮೇಲೆ ಉಸಿರಾಡಲು ಬಿಡಿ.

ದೂರು ಬಂದ ಕರೆಗಳನ್ನಷ್ಟೇ ಅಲ್ಲ, ಸುಮ್ನೆ ಯಾವುದೋ ನಾಲ್ಕು ಕರೆ ಆರಿಸಿ ಅದೇ ವಾರ ಜೊತೆಗೆ ಕೂತು ಕೇಳಿ. ಮಗು ಸತ್ತಂಥ ಕರೆ ಮುಗಿಸಿದವರನ್ನು ಸೀಟಿನಿಂದ ಎಬ್ಬಿಸಿ ಹೊರಗೆ ಕಳಿಸಿ, ಆ ಜಾಗಕ್ಕೆ ಬರಲು ಒಬ್ಬರು ಸದಾ ಸಿದ್ಧರಿರಲಿ. ಮುಂದಿನ ತಂಡದ ನೇಮಕಾತಿಗೆ ಯಾರಾದರೂ ರಾಜೀನಾಮೆ ಕೊಡಲಿ ಅಂತ ಕಾಯಬೇಡಿ. ಹೋದ ವರ್ಷ ಎಷ್ಟು ಜನ ಬಿಟ್ಟರು ನೋಡಿ, ಅಷ್ಟು ಜನರ ತರಬೇತಿ ಈಗಲೇ ಶುರು ಮಾಡಿ.