ರೊಟ್ಟಿ–ಚಟ್ನಿ ವ್ಯಾಪಾರ ಶುರು ಮಾಡ್ತೀರಾ? ಮೆಷಿನ್ ಕೊನೆಗೆ ತನ್ನಿ

ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆ ಮನೆಮನೆಯಲ್ಲೂ ಮಾಡುವ ಇವನ್ನೇ ಪ್ಯಾಕ್ ಮಾಡಿ ಮಾರೋಣ ಅಂತ ಯೋಚಿಸುವವರು ಈಗ ಜಾಸ್ತಿ. ಯೋಚನೆಯಲ್ಲಿ ತಪ್ಪೇನಿಲ್ಲ. ಕಲಬುರಗಿಯ ಮಹಿಳಾ ಸಂಘಗಳು ಜೋಳದ ರೊಟ್ಟಿಗೇ ‘ಕಲಬುರಗಿ ರೊಟ್ಟಿ’ ಅಂತ ಬ್ರ್ಯಾಂಡ್ ಮಾಡಿ ಮಾರುತ್ತಿವೆ. ಬೆಂಗಳೂರಿನ ಪಿಜಿಗಳಲ್ಲಿ ಕೂತು ಊರಿನ ಊಟ ನೆನೆಸುವ ಹುಡುಗ–ಹುಡುಗಿಯರಿಗೂ ಕೊರತೆಯಿಲ್ಲ.

ಆದರೆ ಬಹಳ ಜನ ಶುರು ಮಾಡುವ ಕ್ರಮವೇ ತಲೆಕೆಳಗು. ಮೊದಲು ಸಬ್ಸಿಡಿ ಎಷ್ಟು ಅಂತ ಕೇಳುತ್ತಾರೆ, ಸಬ್ಸಿಡಿ ಇದೆ ಅಂತ ಮೆಷಿನ್ ತರುತ್ತಾರೆ, ಮೆಷಿನ್ ಬಂತು ಅಂತ ಶೆಡ್ ಹಾಕುತ್ತಾರೆ, ಇಷ್ಟೆಲ್ಲ ಆದ ಮೇಲೆ ಮಾರೋದೆಲ್ಲಿ ಅಂತ ಹುಡುಕುತ್ತಾರೆ. ಅಷ್ಟೊತ್ತಿಗೆ ಬ್ಯಾಂಕಿನ ಕಂತು ಶುರುವಾಗಿರುತ್ತದೆ. ಹಾಗಾಗಿ ಇಲ್ಲಿ ಅದನ್ನೇ ತಿರುಗಿಸಿ ಹೇಳುತ್ತೇನೆ.

ಮೊದಲು ಮಾರಿ ನೋಡಿ

ನಾಲ್ಕು ಥರ ಚಟ್ನಿ, ಮೂರು ಥರ ರೊಟ್ಟಿ, ಜೊತೆಗೆ ಹಪ್ಪಳ, ಸಂಡಿಗೆ ಅಂತ ಹೋಗಬೇಡಿ. ಒಂದೇ ಒಂದು ಆರಿಸಿಕೊಳ್ಳಿ. ಸುತ್ತಲಿನವರು ‘ನಿಮ್ಮ ಮನೆದೇ ಬೇಕು’ ಅಂತ ಕೇಳಿ ಒಯ್ಯುವ ಐಟಂ ಯಾವುದೋ ಅದು.

ಅದನ್ನು ದುಡ್ಡಿಗೇ ಕೊಡಿ. ಸುಮ್ನೆ ಕೊಟ್ಟರೆ ಎಲ್ಲರೂ ‘ಭಾಳ ಛಲೋ ಆಗೇದ’ ಅಂತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ದುಡ್ಡು ಕೊಟ್ಟವರು ಎರಡನೇ ಸಲ ತಾವಾಗಿಯೇ ಕೇಳುತ್ತಾರಾ ಅನ್ನುವುದೊಂದೇ ಪರೀಕ್ಷೆ. ನೆಂಟರನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ, ಅವರು ಮುಖ ನೋಡಿ ತಗೊಳ್ಳುತ್ತಾರೆ.

ಯಾರಿಗೆ ಮಾರುತ್ತೀರಿ ಅನ್ನುವುದೂ ಈಗಲೇ ತಿಳಿದುಕೊಳ್ಳಬೇಕಾದದ್ದು. ಖಾನಾವಳಿಯವರಿಗೆ ದಿನಾ ರೊಟ್ಟಿ ಬೇಕು, ಆದರೆ ರೇಟಿನಲ್ಲಿ ಹಿಂಡುತ್ತಾರೆ. ಮದುವೆ, ಸೀಮಂತದ ಆರ್ಡರ್ ಒಮ್ಮೆಲೇ ದೊಡ್ಡದಾಗಿ ಬರುತ್ತದೆ, ಆಮೇಲೆ ಎರಡು ತಿಂಗಳು ಸುದ್ದಿಯೇ ಇರುವುದಿಲ್ಲ. ನಾಗರ ಪಂಚಮಿ, ಸಂಕ್ರಾಂತಿ, ಎಳ್ಳ ಅಮಾವಾಸ್ಯೆ ಹತ್ತಿರ ಬಂದಾಗ ಸಜ್ಜೆ ರೊಟ್ಟಿಗೆ ಕೈ ಸಾಲುವುದಿಲ್ಲ. ಕಿರಾಣಿ ಅಂಗಡಿಯವರು ಇಟ್ಟುಕೊಳ್ಳುತ್ತಾರೆ, ಆದರೆ ಉದ್ರಿ. ‘ಇಂದು ನಗದು, ನಾಳೆ ಉದ್ರಿ’ ಅನ್ನುವ ಬೋರ್ಡು ಗಿರಾಕಿಗೆ ಮಾತ್ರ, ನಿಮಗಲ್ಲ. ನಿಮ್ಮ ದುಡ್ಡು ಹದಿನೈದು ದಿನವೋ ತಿಂಗಳೋ ಅವರ ಹತ್ತಿರ ಇರುತ್ತದೆ. ಹಾಗಾಗಿ ಕನಿಷ್ಠ ಒಂದು ತಿಂಗಳ ಶೇಂಗಾ, ಜೋಳ, ಕವರಿಗೆ ಬೇಕಾದ ದುಡ್ಡು ಕೈಯಲ್ಲಿ ಬೇರೆ ಇರಬೇಕು. ಶುರುವಿನಲ್ಲೇ ಅಂಗಡಿ ನಿಂತುಹೋಗುವುದು ಬಹುತೇಕ ಈ ದುಡ್ಡಿಲ್ಲದೆ, ರುಚಿ ಇಲ್ಲದೆ ಅಲ್ಲ.

ಸಾಮಾನನ್ನು ಸುಗ್ಗಿಯಲ್ಲೇ ಕೊಳ್ಳುವುದು ಹಳೆಯ ಜಾಣತನ. ಮಾಲದಂಡಿ ಜೋಳ ಹಿಂಗಾರಿನ ಬೆಳೆ, ಫೆಬ್ರುವರಿ–ಮಾರ್ಚ್ ಹೊತ್ತಿಗೆ ಹೊಸದು ಬರುತ್ತದೆ. ಮುಂಗಾರಿನ ಶೇಂಗಾ ಮಳೆ ಮುಗಿದ ಮೇಲೆ ಮಾರುಕಟ್ಟೆಗೆ ಬರುತ್ತದೆ. ಆದರೆ ವರ್ಷದ ಸಾಮಾನು ತುಂಬಿಡಲು ದುಡ್ಡೂ ಬೇಕು, ಒಣ ಜಾಗವೂ ಬೇಕು. ಮೊದಲ ವರ್ಷ ಆ ಸಾಹಸ ಬೇಡ.

ಈಗ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನ ಓದಿ, ಆಗುತ್ತಾದರೆ ಪೆನ್ನು ಹಿಡಿದು ಕೂರಿ. ಉದಾಹರಣೆಗೆ ಶೇಂಗಾ ಚಟ್ನಿ ತಗೊಳ್ಳೋಣ. ರೇಟುಗಳು ಬರೀ ಲೆಕ್ಕಕ್ಕೆ, ನಿಮ್ಮೂರಿನ ರೇಟು ನೀವು ಹಾಕಿಕೊಳ್ಳಿ.

5 ಕೆಜಿ ಶೇಂಗಾ, ಕೆಜಿಗೆ 140ರಂತೆ 700 ರೂಪಾಯಿ. ಹುರಿದು, ಸಿಪ್ಪೆ ತೆಗೆದು, ಕೆಟ್ಟ ಕಾಳು ಆರಿಸಿದರೆ ನಾಲ್ಕೂವರೆ ಕೆಜಿ ಉಳಿಯಿತು ಅಂತಿಟ್ಟುಕೊಳ್ಳಿ. ಖಾರದಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿ ಅರ್ಧ ಕೆಜಿ, 200 ರೂಪಾಯಿ. ಒಟ್ಟು 5 ಕೆಜಿ ಚಟ್ನಿ, ಅಂದರೆ 200 ಗ್ರಾಮಿನ 25 ಪ್ಯಾಕೆಟ್. ಗ್ಯಾಸು, ಕರೆಂಟು 60. ಕವರ್ ಮತ್ತು ಲೇಬಲ್ ಒಂದಕ್ಕೆ 5ರಂತೆ 125. ಕೂಲಿ 400. ಈ ಕೂಲಿಯನ್ನು ಬಹಳ ಜನ ಬರೆಯುವುದೇ ಇಲ್ಲ, ‘ಮನೆಯವರೇ ಮಾಡ್ತೀವಲ್ಲ’ ಅಂತಾರೆ. ಬರೆಯಲೇಬೇಕು. ನಾಳೆ ಆರ್ಡರ್ ಜಾಸ್ತಿಯಾಗಿ ಒಬ್ಬರನ್ನು ಕೆಲಸಕ್ಕೆ ಕರೆದ ದಿನವೇ ರೇಟು ಏರಿಸಲು ಆಗುವುದಿಲ್ಲ ಅಲ್ವಾ?

ಒಟ್ಟು 1,485 ರೂಪಾಯಿ. ಪ್ಯಾಕೆಟ್ಟಿಗೆ ಹತ್ತಿರ ಹತ್ತಿರ 60.

ಈಗ ಎಂಆರ್‌ಪಿ 80 ಅಂತ ಹಾಕಿದಿರಿ. ಇಪ್ಪತ್ತು ರೂಪಾಯಿ ಲಾಭ ಅನ್ನಿಸುತ್ತದೆ. ಅಂಗಡಿಯವರು ಶೇ 20 ಮಾರ್ಜಿನ್ ಕೇಳಿದರೆ ನಿಮ್ಮ ಕೈಗೆ ಬರುವುದು 64. ಇಪ್ಪತ್ತೈದೂ ಮಾರಾಟವಾದರೆ 1,600, ಅಂದರೆ 115 ರೂಪಾಯಿ ಉಳಿಯಿತು. ಎರಡೇ ಎರಡು ಪ್ಯಾಕೆಟ್ ವಾಪಸ್ ಬಂದರೆ 1,472. ಇಡೀ ದಿನ ಕುಟ್ಟಿ, ಕಟ್ಟಿ, ಕೈಯಿಂದ 13 ರೂಪಾಯಿ ಹೋಯಿತು! ಅದೇ ಎಂಆರ್‌ಪಿ 100 ಇಟ್ಟರೆ ಕೈಗೆ 80 ಬರುತ್ತದೆ. ಎರಡು ವಾಪಸ್ ಬಂದರೂ 1,840. ಪೆಟ್ರೋಲಿಗೆ 100 ತೆಗೆದರೆ 255 ಉಳಿಯುತ್ತದೆ.

ಸರಿ, ನೂರು ರೂಪಾಯಿಗೆ ಜನ ತಗೊಳ್ಳುತ್ತಾರಾ? ತಗೊಂಡರೆ ಮುಂದಕ್ಕೆ ಹೋಗಿ. ಇಲ್ಲ ಅಂದರೆ ಅಂಗಡಿ ಬಿಟ್ಟು ನೇರ ಗಿರಾಕಿಗೆ ಮಾರುವ ದಾರಿ ನೋಡಿ, ಅಥವಾ ಬೇರೆ ಐಟಂ ಆರಿಸಿ. ‘ಮೊದಲು ಕಡಿಮೆ ರೇಟಿಗೆ ಕೊಟ್ಟು ಹೆಸರು ಮಾಡೋಣ, ಆಮೇಲೆ ಏರಿಸೋಣ’ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ರೇಟು ನೋಡಿ ಬಂದ ಗಿರಾಕಿ ರೇಟು ನೋಡಿಯೇ ಹೋಗುತ್ತಾನೆ.

ರೊಟ್ಟಿಗೆ ಇದೇ ಲೆಕ್ಕ, ಜೊತೆಗೆ ಮುರಿದದ್ದನ್ನೂ ಸೇರಿಸಿ. ಬಸ್ಸಿಗೆ ಹಾಕಿದ ಡಬ್ಬಿಯಲ್ಲಿ ಎಷ್ಟು ಚೂರಾಗಿ ತಲುಪುತ್ತವೆ ಅಂತ ಒಮ್ಮೆ ಬೆಂಗಳೂರಿನಲ್ಲಿರುವ ಯಾರಿಗಾದರೂ ಕಳಿಸಿ ಎಣಿಸಿ. ಮಳೆಗಾಲದಲ್ಲಿ ಗಾಳಿ ಹೊಕ್ಕರೆ ಖಡಕ್ ರೊಟ್ಟಿ ಮೆತ್ತಗಾಗುತ್ತದೆ, ಆಗ ಪ್ಯಾಕಿಂಗ್ ಖರ್ಚೂ ಏರುತ್ತದೆ.

ಎಷ್ಟು ದಿನ ಬಾಳಿಕೆ?

ಪಕ್ಕದ ಬ್ರ್ಯಾಂಡಿನ ಪ್ಯಾಕೆಟ್ ನೋಡಿ ‘ಮೂರು ತಿಂಗಳು’ ಅಂತ ಅಚ್ಚು ಹಾಕಿಸುವವರಿದ್ದಾರೆ. ಹಾಗೆ ಮಾಡಬೇಡಿ. ಶೇಂಗಾದಲ್ಲಿ ಎಣ್ಣೆ ಇರುತ್ತದೆ, ಗಾಳಿ–ಬೆಳಕು ತಾಗಿದರೆ ಕಮಟು ವಾಸನೆ ಬರುತ್ತದೆ. ಪ್ರತಿ ಸಲ ಮಾಡಿದ್ದರಲ್ಲಿ ಎರಡು–ಮೂರು ಪ್ಯಾಕೆಟ್ ತೆಗೆದು, ತಾರೀಖು ಬರೆದು, ಫ್ರಿಜ್‌ನಲ್ಲಲ್ಲ, ಹೊರಗೇ ಇಡಿ. ವಾರಕ್ಕೊಮ್ಮೆ ಒಡೆದು ರುಚಿ ನೋಡಿ. ಬೇಸಿಗೆಯಲ್ಲಿ ಒಂದು ಥರ, ಮಳೆಗಾಲದಲ್ಲಿ ಇನ್ನೊಂದು ಥರ ಬರುತ್ತದೆ. ಆಮೇಲೆ ಒಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಮೈಸೂರಿನ ಸಿಎಫ್‌ಟಿಆರ್‌ಐ ಅನ್ನುವ ಆಹಾರ ಸಂಶೋಧನಾ ಸಂಸ್ಥೆ 1950ರಿಂದ ಇದೇ ಕ್ಷೇತ್ರದಲ್ಲಿದೆ, ಆಹಾರ ಉದ್ಯಮ ಮಾಡುವವರಿಗೆ ತರಬೇತಿಯನ್ನೂ ಕೊಡುತ್ತದೆ.

ಬೂಸ್ಟು ಹಿಡಿದ ಶೇಂಗಾ ಕಾಳು ಒಂದೂ ಒಳಗೆ ಹೋಗಬಾರದು. ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಹುರಿದರೆ ಪೂರ್ತಿ ಹೋಗುವುದಿಲ್ಲ. ಕಡಿಮೆ ರೇಟಿನ ಕಾಳು ತಂದು ಖಾರ ಜಾಸ್ತಿ ಹಾಕಿ ಮುಚ್ಚುವುದು ವ್ಯಾಪಾರವಲ್ಲ.

ಕಾಗದ ಪತ್ರ

ಹೆದರುವಷ್ಟು ಇಲ್ಲ. ಏಜೆಂಟರಿಗೆ ಸಾವಿರಾರು ಕೊಡುವಷ್ಟಂತೂ ಇಲ್ಲ.

ಆಹಾರ ಮಾರುವುದಾದರೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮೊದಲು. ಮನೆಯಲ್ಲೇ ಮಾಡಿ ಮಾರಿದರೂ ಬೇಕು. ‘ಫಾಸ್ಕಾಸ್’ ಅನ್ನುವ ಸರ್ಕಾರಿ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು. ಸಣ್ಣ ವ್ಯಾಪಾರಕ್ಕೆ ಬರೀ ನೋಂದಣಿ ಸಾಕು, ವಹಿವಾಟು ಬೆಳೆದರೆ ಲೈಸೆನ್ಸ್. ಸಿಗುವ 14 ಅಂಕಿಯ ನಂಬರನ್ನು ಪ್ರತಿ ಪ್ಯಾಕೆಟ್ ಮೇಲೂ ಹಾಕಬೇಕು. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಆಯಿತು. ಅದೇ ಥರ ಕಾಣುವ ಖಾಸಗಿ ಜಾಲತಾಣಗಳು ಫೀಸು ಕೇಳುತ್ತವೆ, ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ ಅಂತ ತಿಳಿದು ಹೊರಬನ್ನಿ. ಪಂಚಾಯಿತಿ ಅಥವಾ ಪಾಲಿಕೆಯ ಪರವಾನಗಿ ಬೇಕಾ ಅಂತ ಅಲ್ಲೇ ಹೋಗಿ ಕೇಳಿ. ಅಂಗಡಿ ಹಾಕಿದರೆ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅನ್ನುವುದು ನೆನಪಿರಲಿ.

ಲೇಬಲ್ಲಿನಲ್ಲಿ ಎಡವುವವರು ಜಾಸ್ತಿ. ಐಟಂ ಹೆಸರು, ಏನೇನು ಹಾಕಿದ್ದೀರಿ (ಜಾಸ್ತಿ ಇರುವುದು ಮೊದಲು), ನಿವ್ವಳ ತೂಕ, ಎಂಆರ್‌ಪಿ, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಬ್ಯಾಚ್ ನಂಬರ್, ನಿಮ್ಮ ವಿಳಾಸ, ದೂರು ಹೇಳಲು ಫೋನ್, ಸಸ್ಯಾಹಾರದ ಹಸಿರು ಗುರುತು, ಶೇಂಗಾ ಇದೆ ಅನ್ನುವ ಅಲರ್ಜಿ ಸೂಚನೆ. ಇಂಗ್ಲಿಷಿನ ಜೊತೆ ಕನ್ನಡವೂ ಇರಲಿ, ಕೊಳ್ಳುವವರು ನಮ್ಮವರೇ. ತೂಕ ಇದ್ದ ಪ್ಯಾಕೆಟ್ ಮಾರುವುದರಿಂದ ತೂಕ ಮತ್ತು ಅಳತೆ ಇಲಾಖೆಯಲ್ಲೂ ಪ್ಯಾಕ್ ಮಾಡುವವರ ನೋಂದಣಿ ಇರುತ್ತದೆ, ತಕ್ಕಡಿಗೆ ಮುದ್ರೆ ಹಾಕಿಸಬೇಕು. ಸಾವಿರಗಟ್ಟಲೆ ಕವರ್ ಅಚ್ಚು ಹಾಕಿಸುವ ಮೊದಲು ನಿಮ್ಮ ಹೆಸರು ಬೇರೆಯವರದ್ದಾಗಿದೆಯಾ ಅಂತ ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಹುಡುಕಿ. ಹುಡುಕಲು ದುಡ್ಡು ಕೊಡಬೇಕಿಲ್ಲ. ಶುರುವಿನಲ್ಲಿ ಸಾದಾ ಕವರಿಗೆ ಸ್ಟಿಕ್ಕರ್ ಸಾಕು.

ಜಿಎಸ್‌ಟಿ ವಿಷಯ ಸ್ವಲ್ಪ ಬೇರೆ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಡ. ಆದರೆ ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಈ ಮಿತಿ ಅನ್ವಯಿಸುವುದಿಲ್ಲ. ರೊಟ್ಟಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಇಲ್ಲ, ಚಟ್ನಿ ಪುಡಿಗೆ ಶೇ 5 ಇದೆ. ವಿಜಯಪುರದವರಿಗೆ ಸೊಲ್ಲಾಪುರ ಪಕ್ಕದೂರು, ಕನ್ನಡ ಮಾತಾಡುವವರೂ ಅಲ್ಲಿ ಬಹಳ, ಆದರೆ ಕಾಯಿದೆಯ ಕಣ್ಣಿಗೆ ಅದು ಮಹಾರಾಷ್ಟ್ರ. (ಅಲ್ಲಿನ ಶೇಂಗಾ ಚಟ್ನಿ ಮೊದಲೇ ಹೆಸರುವಾಸಿ, ಅಲ್ಲಿ ಹೋಗಿ ಶೇಂಗಾ ಚಟ್ನಿ ಮಾರುವುದಕ್ಕೆ ಧೈರ್ಯವೂ ಬೇಕು.)

ಇನ್ನೊಂದು. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ, ಬೇರೆ ಕ್ಯೂಆರ್ ಕೋಡ್ ಇಡಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ನಮ್ಮ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದದ್ದು, ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೂ ಬಂದದ್ದು, ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಸ್ಟಿಕ್ಕರ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬರೆದದ್ದು ನೆನಪಿದೆಯಲ್ಲ? ಅಕ್ಕನ ಕೈಸಾಲ, ಮಗನ ಫೀಸು, ಚಟ್ನಿಯ ದುಡ್ಡು ಎಲ್ಲಾ ಒಂದೇ ಖಾತೆಯಲ್ಲಿ ಓಡಾಡಿದರೆ ಯಾವುದು ವ್ಯಾಪಾರದ್ದು ಅಂತ ನಾಳೆ ತೋರಿಸುವುದು ಕಷ್ಟ. ಕ್ಯೂಆರ್ ಕೀಳುವುದು ಪರಿಹಾರವಲ್ಲ, ಬಿಲ್ ಪುಸ್ತಕ ಇಡುವುದು ಪರಿಹಾರ.

ಇಬ್ಬರು ಗೆಳತಿಯರೋ ಓರಗಿತ್ತಿಯರೋ ಸೇರಿ ಮಾಡುತ್ತೀರಾದರೆ ಯಾರ ದುಡ್ಡು ಎಷ್ಟು, ಯಾರ ಕೆಲಸ ಯಾವುದು, ಒಬ್ಬರು ಬಿಟ್ಟು ಹೋದರೆ ಹೆಸರು ಯಾರಿಗೆ ಅಂತ ಪಾಲುದಾರಿಕೆ ಪತ್ರ ಬರೆಸಿ. ಚೆನ್ನಾಗಿರುವಾಗಲೇ ಬರೆಸಿ.

ಇಷ್ಟಾದ ಮೇಲೆ ಸಾಲ

ತಿಂಗಳುಗಟ್ಟಲೆ ಮಾರಿದ ಬಿಲ್ಲು, ಖಾತೆಯ ಸ್ಟೇಟ್‌ಮೆಂಟು ಕೈಯಲ್ಲಿದ್ದರೆ ಬ್ಯಾಂಕಿನಲ್ಲಿ ಮಾತಾಡುವ ಧಾಟಿಯೇ ಬೇರೆಯಾಗುತ್ತದೆ. ಸಣ್ಣ ಮೊತ್ತಕ್ಕೆ ಮುದ್ರಾ ಸಾಲ ಇದೆ, ಅಡಮಾನ ಬೇಡ. ಶಿಶು 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ಗ್ರೈಂಡರ್, ಸೀಲಿಂಗ್ ಮೆಷಿನ್ನಿಗೆ ಶಿಶುವೇ ಸಾಕಾಗಬಹುದು.

ದೊಡ್ಡದು ಬೇಕಾದರೆ ಪಿಎಂಎಫ್‌ಎಂಇ ಯೋಜನೆ. 2020ರಲ್ಲಿ ಕಿರು ಆಹಾರ ಉದ್ಯಮಗಳಿಗೆ ಅಂತಲೇ ಶುರುವಾದದ್ದು. ಕೇಂದ್ರದ್ದು ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ. ಅದರ ಮೇಲೆ ಕರ್ನಾಟಕ ಸರ್ಕಾರ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷದವರೆಗೆ ಮಾಡಿತು. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್ ಅನ್ನುವ ರಾಜ್ಯ ಸರ್ಕಾರದ ನಿಗಮ. ಜಿಲ್ಲೆಗೊಬ್ಬರು ಸಂಪನ್ಮೂಲ ವ್ಯಕ್ತಿ ಇರುತ್ತಾರೆ, ಯೋಜನಾ ವರದಿ ಬರೆಯಲು ಸಹಾಯ ಮಾಡುತ್ತಾರೆ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ಕೇಳಿಯೇ ಮುಂದಿನ ಹೆಜ್ಜೆ ಇಡಿ.

ಆದರೆ ಇದೊಂದು ತಿಳಿದಿರಲಿ. ಈ ಸಬ್ಸಿಡಿ ಕೈಗೆ ಬರುವ ದುಡ್ಡಲ್ಲ. ಮೊದಲು ಬ್ಯಾಂಕು ಸಾಲ ಒಪ್ಪಬೇಕು, ಶೇ 10ರಷ್ಟಾದರೂ ನೀವು ಹಾಕಬೇಕು. ಸಬ್ಸಿಡಿ ಬ್ಯಾಂಕಿನಲ್ಲೇ ಬೇರೆಯಾಗಿ ಇರುತ್ತದೆ, ಮೂರು ವರ್ಷ ನೀವು ಕಂತು ಸರಿಯಾಗಿ ಕಟ್ಟುತ್ತಾ ಘಟಕ ನಡೆಸಿದರೆ ಸಾಲಕ್ಕೆ ಜಮಾ ಆಗುತ್ತದೆ. ನಡುವೆ ನಿಲ್ಲಿಸಿದಿರೋ, ಪೂರ್ತಿ ಸಾಲ ನಿಮ್ಮ ತಲೆಗೆ.

ಲೆಕ್ಕ ಬರೆಯುವುದು, ಬ್ಯಾಂಕಿನ ವ್ಯವಹಾರ ಕಲಿಯಬೇಕು ಅನ್ನುವವರಿಗೆ ರುಡ್‌ಸೆಟ್ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆ, ಅದೇ ಮಾದರಿಯ ಆರ್‌ಸೆಟಿ ಕೇಂದ್ರಗಳು ಈಗ ಜಿಲ್ಲೆಗಳಲ್ಲೂ ಇವೆ. ಊಟ, ವಸತಿ ಸೇರಿ ಉಚಿತ. ಎಷ್ಟೋ ದುಬಾರಿ ಆನ್‌ಲೈನ್ ಕೋರ್ಸಿಗಿಂತ ಇದು ಉಪಯೋಗ.

ಇನ್ನು ಮೆಷಿನ್. ಕೈಯಲ್ಲಿ ಬಡಿಯುವ ರೊಟ್ಟಿಗೆ ಆರ್ಡರ್ ತುಂಬಿ, ನೀವೇ ಬೇಡ ಅನ್ನುವ ಸ್ಥಿತಿ ಬಂದಾಗ ರೊಟ್ಟಿ ಮೆಷಿನ್ ನೋಡಲು ಹೋಗಿ. ಹೋಗುವಾಗ ನಿಮ್ಮದೇ ಹಿಟ್ಟು ಒಯ್ಯಿರಿ. ಅವರ ಹಿಟ್ಟಿನಲ್ಲಿ ಎಲ್ಲಾ ಮೆಷಿನ್ನೂ ಚೆನ್ನಾಗಿಯೇ ಓಡುತ್ತವೆ. ಜೋಳದ ಹಿಟ್ಟಿಗೆ ಗೋದಿಯಂಥ ಜಿಗುಟು ಇಲ್ಲ, ಅಂಚು ಸೀಳುತ್ತದಾ ಅಂತ ನೋಡಿ. ಬಂದ ರೊಟ್ಟಿಯನ್ನು ನಿಮ್ಮ ಖಾಯಂ ಗಿರಾಕಿಗಳಿಗೆ ಏನೂ ಹೇಳದೆ ಕೊಟ್ಟು ನೋಡಿ, ಬಡಿದ ರೊಟ್ಟಿ ತಿಂದು ಬೆಳೆದವರು ವ್ಯತ್ಯಾಸ ತಕ್ಷಣ ಹಿಡಿಯುತ್ತಾರೆ. ಮನೆಯ ಮೀಟರು ಆ ಲೋಡ್ ತಾಳುತ್ತದಾ, ಬೇರೆ ಕನೆಕ್ಷನ್ ಬೇಕಾ ಅಂತ ಹೆಸ್ಕಾಂ ಅಥವಾ ಜೆಸ್ಕಾಂ ಕಚೇರಿಯಲ್ಲಿ ಮೊದಲೇ ಕೇಳಿ. ಅಡ್ವಾನ್ಸ್ ಕೊಡುವ ಮೊದಲು ರಿಪೇರಿಗೆ ಬರುವ ಮನುಷ್ಯ ಯಾವ ಊರಿನವನು ಅಂತಲೂ ವಿಚಾರಿಸಿ. ಕೊಯಮತ್ತೂರಿನಿಂದ ಬರಬೇಕು ಅಂದರೆ ಪಂಚಮಿ ಹಿಂದಿನ ದಿನ ಮೆಷಿನ್ ನಿಂತಾಗ ನೀವು ಮತ್ತೆ ಬಡಿಯಲು ಕೂರಬೇಕಾಗುತ್ತದೆ.